ಬುಟ್ಟಿಯನ್ನು ಮೇಲೆ ಕಟ್ಟಿದ ಮೇಷ್ಟ್ರು: ಡಾ. ಜೇಮ್ಸ್ ನೈಸ್ಮಿತ್



ಈ ಸಲದ ಗೋಡೆ ಪತ್ರಿಕೆಯಲ್ಲಿ ಮಹನೀಯರ ಜೀವನ ಚರಿತ್ರೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಗಾಂಧೀಜಿ, ವಿವೇಕಾನಂದರು, ಸರ್ ಎಂ. ವಿಶ್ವೇಶ್ವರಯ್ಯ ಇವರೆಲ್ಲರ ಬಗ್ಗೆ ಹಿಂದಿನ ಸಂಚಿಕೆಗಳಲ್ಲಿ ಓದಿದ್ದೇವೆ. ಅದಕ್ಕೇ ನಾನು ಒಬ್ಬ ಆಟದ ಮೇಷ್ಟ್ರನ್ನು ಆರಿಸಿಕೊಂಡೆ. ಅವರೇ ಡಾ. ಜೇಮ್ಸ್ ನೈಸ್ಮಿತ್. ಬಾಸ್ಕೆಟ್ ಬಾಲ್ ಆಟವನ್ನು ಕಂಡುಹಿಡಿದವರು.

ಕಬಡ್ಡಿಯನ್ನೋ ಲಗೋರಿಯನ್ನೋ ಯಾರು ಕಂಡುಹಿಡಿದರು ಅಂತ ಕೇಳಿದರೆ ಯಾರೂ ಹೇಳಲಾರರು. ಅವು ಜನರ ಮಧ್ಯೆ ತಾವಾಗಿಯೇ ಬೆಳೆದು ಬಂದ ಆಟಗಳು. ಬಾಸ್ಕೆಟ್ ಬಾಲ್ ಹಾಗಲ್ಲ. ಅದು ಯಾವ ಊರಿನಲ್ಲಿ, ಯಾವ ತಿಂಗಳಲ್ಲಿ, ಯಾಕಾಗಿ ಹುಟ್ಟಿತು ಅಂತ ಎಲ್ಲವೂ ಗೊತ್ತಿದೆ. ಹುಟ್ಟಿದ್ದು ಯಾಕೆ ಅಂದರೆ, ಹುಡುಗರು ಒಬ್ಬರನ್ನೊಬ್ಬರು ತಳ್ಳಿ ಬೀಳಿಸದೆ ಆಡಲಿ ಅಂತ. ನಮ್ಮ ಆಟದ ಪೀರಿಯಡ್ಡಿನಲ್ಲಿ ಗೆದ್ದು ಸೋತದ್ದಕ್ಕೆ ಜಗಳ ಆಗುವುದು ಕಡಿಮೆ. ಜಗಳ ಆಗುವುದೆಲ್ಲ ಫೌಲಿಗೆ. ಆದ್ದರಿಂದ ಇವರ ಜೀವನ ನಮಗೆ ಉಪಯೋಗಕ್ಕೆ ಬರುತ್ತದೆ ಅಂತ ನನಗೆ ಅನಿಸಿತು.

ಜನನ ಮತ್ತು ಬಾಲ್ಯ

ಜೇಮ್ಸ್ ನೈಸ್ಮಿತ್ 1861ನೇ ಇಸವಿ ನವೆಂಬರ್ 6ರಂದು ಕೆನಡಾ ದೇಶದ ಅಲ್ಮಾಂಟ್ ಎಂಬ ಊರಿನ ಹತ್ತಿರ ಹುಟ್ಟಿದರು. ಅವರ ಮನೆತನದವರು ಸ್ಕಾಟ್ಲೆಂಡಿನಿಂದ ಬಂದು ನೆಲೆಸಿದವರು. ಸುತ್ತ ಕಾಡು, ಹೊಲ, ಹೊಳೆ. ನಮ್ಮ ಹೊನ್ನೆಮರಡಿನ ಹಾಗೇ ಇತ್ತು ಅಂತ ಕಾಣುತ್ತದೆ. ಆದರೆ ಒಂದು ವ್ಯತ್ಯಾಸ. ನಮ್ಮ ಶರಾವತಿ ಹಿನ್ನೀರು ಬೇಸಿಗೆಯಲ್ಲಿ ಇಳಿಯುತ್ತದೆ, ಅವರ ಹೊಳೆ ಚಳಿಗಾಲದಲ್ಲಿ ಹೆಪ್ಪುಗಟ್ಟಿ ಕಲ್ಲಿನ ಹಾಗೆ ಆಗುತ್ತದೆ. ಅದರ ಮೇಲೆ ಗಾಡಿಯನ್ನೇ ಹೊಡೆದುಕೊಂಡು ಹೋಗಬಹುದು.

1870ರಲ್ಲಿ ಅವರ ಮನೆಗೆ ಟೈಫಾಯ್ಡ್ ಜ್ವರ ಬಂತು. ಕೆಲವೇ ವಾರಗಳಲ್ಲಿ ಅಪ್ಪನೂ ಹೋದರು, ಅಮ್ಮನೂ ಹೋದರು. ಆಗ ಜೇಮ್ಸ್‌ಗೆ ಒಂಬತ್ತು ವರ್ಷ, ಅಂದರೆ ನಮ್ಮ ಶಾಲೆಯ ನಾಲ್ಕನೇ ತರಗತಿ ಮಕ್ಕಳ ವಯಸ್ಸು. ಆಮೇಲೆ ಅವರನ್ನು ಸಾಕಿದ್ದು ತಾಯಿಯ ಸಹೋದರ ಪೀಟರ್ ಯಂಗ್. ಈ ಸೋದರಮಾವ ಬಹಳ ಕಟ್ಟುನಿಟ್ಟಿನ ಮನುಷ್ಯ. ಒಂದು ಸಲ ಜೇಮ್ಸ್ ಕುದುರೆಗಾಡಿ ಹೊಡೆದುಕೊಂಡು ಹೆಪ್ಪುಗಟ್ಟಿದ ಹೊಳೆ ದಾಟುವಾಗ ಮಂಜುಗಡ್ಡೆ ಒಡೆದು ಕುದುರೆಗಳು ನೀರಿಗೆ ಬಿದ್ದುವಂತೆ. ಹುಡುಗ ಒಬ್ಬನೇ ಹರಸಾಹಸ ಮಾಡಿ ಅವನ್ನು ದಡಕ್ಕೆ ಎಳೆದ. ತಲೆ ಎತ್ತಿ ನೋಡಿದರೆ ಮಾವ ಮರದ ಮರೆಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಾ ಇದ್ದರಂತೆ. ತನ್ನ ಕಷ್ಟ ತಾನೇ ಬಗೆಹರಿಸಿಕೊಳ್ಳಲಿ ಅಂತ ಅವರು ಸುಮ್ಮನಿದ್ದರು ಎಂದು ಹೇಳುತ್ತಾರೆ. ನಮ್ಮ ಮಾವಂದಿರು ಹೀಗೆ ಮಾಡಿದ್ದರೆ ಅಜ್ಜಿ ಬಿಡುತ್ತಿರಲಿಲ್ಲ! ಆದರೆ ಹಿಡಿದ ಕೆಲಸವನ್ನು ಕೈಬಿಡದ ಗುಣ ಅವರಿಗೆ ಬಂದದ್ದು ಅಲ್ಲಿಂದಲೇ ಇರಬೇಕು.

ಆ ಊರಿನ ಮಕ್ಕಳು ಒಂದು ಕಲ್ಲಿನ ಆಟ ಆಡುತ್ತಿದ್ದರು. ದೊಡ್ಡ ಬಂಡೆಯ ಮೇಲೆ ಒಂದು ಚಿಕ್ಕ ಕಲ್ಲು ಇಟ್ಟು, ದೂರದಿಂದ ಇನ್ನೊಂದು ಕಲ್ಲು ಎಸೆದು ಅದನ್ನು ಬೀಳಿಸಬೇಕು. ನಮ್ಮ ಲಗೋರಿಗೆ ಇದು ದೂರದ ನೆಂಟ. ಜೋರಾಗಿ ನೇರ ಎಸೆದರೆ ಗುರಿ ತಪ್ಪಿದ ಕಲ್ಲು ಎಲ್ಲೋ ದೂರ ಹೋಗಿ ಬೀಳುತ್ತಿತ್ತು, ಅದನ್ನು ತರುವುದರೊಳಗೆ ಔಟ್. ಮೆಲ್ಲಗೆ ಮೇಲಕ್ಕೆ ಎತ್ತಿ ಎಸೆದರೆ ಕಲ್ಲು ಬಾಗಿ ಬಂದು ಸರಿಯಾಗಿ ಬೀಳುತ್ತಿತ್ತು. ಜೋರಿಗಿಂತ ಜಾಣತನ ಮೇಲು ಅನ್ನುವ ಈ ಪಾಠ ಅವರಿಗೆ ಮುಂದೆ ಇಪ್ಪತ್ತು ವರ್ಷ ಕಳೆದ ಮೇಲೆ ನೆನಪಿಗೆ ಬಂತು.

ಓದು ಬಿಟ್ಟದ್ದು, ಮತ್ತೆ ಓದಿದ್ದು

ಹೈಸ್ಕೂಲಿನಲ್ಲಿ ಇರುವಾಗಲೇ ಅವರು ಶಾಲೆ ಬಿಟ್ಟರು. ಕಾಡಿನಲ್ಲಿ ನಾಟ ಕಡಿಯುವ ಕೆಲಸಕ್ಕೆ ಹೋದರು. ಸುಮಾರು ಐದು ವರ್ಷ ಕೊಡಲಿ ಹಿಡಿದು ದುಡಿದ ಮೇಲೆ, ಓದಬೇಕು ಅಂತ ಮನಸ್ಸಾಗಿ, ತನಗಿಂತ ಚಿಕ್ಕ ಮಕ್ಕಳ ಜೊತೆ ಮತ್ತೆ ಬೆಂಚಿನ ಮೇಲೆ ಕೂತರು. 1883ರಲ್ಲಿ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯ ಸೇರಿ 1887ರಲ್ಲಿ ಪದವಿ ಪಡೆದರು. ನಮ್ಮ ಊರುಗಳಲ್ಲೂ ಅರ್ಧಕ್ಕೆ ಶಾಲೆ ಬಿಟ್ಟ ಅಣ್ಣ ಅಕ್ಕಂದಿರು ಇದ್ದಾರೆ. ಅವರೂ ಇದನ್ನು ಓದಲಿ.

ಪದವಿ ಆದ ಮೇಲೆ ಅವರು ಧರ್ಮಬೋಧಕ ಆಗಲು ಮೂರು ವರ್ಷ ಓದಿದರು. ಜೊತೆಗೆ ಒರಟು ಆಟಗಳನ್ನೂ ಆಡುತ್ತಿದ್ದರು. ರಗ್ಬಿ ಅನ್ನೋ ಆಟದಲ್ಲಿ ಚೆಂಡು ಹಿಡಿದು ಓಡುವವನನ್ನು ಹಿಡಿದು ಕೆಡವಬೇಕು. ಧರ್ಮ ಬೋಧಿಸುವವನು ಇಂಥ ಆಟ ಆಡಬಹುದೇ ಅಂತ ಗೆಳೆಯರಿಗೆ ಬೇಸರ. ಒಂದು ದಿನ ಆಟದ ಮಧ್ಯೆ ಅವರ ತಂಡದವನೊಬ್ಬ ಸಿಟ್ಟಿನಲ್ಲಿ ಕೆಟ್ಟ ಮಾತು ಆಡಿದ. ಪಕ್ಕದಲ್ಲಿ ನೈಸ್ಮಿತ್ ಇದ್ದದ್ದು ನೋಡಿ ನಾಚಿಕೊಂಡು ಕ್ಷಮೆ ಕೇಳಿದ. ನೈಸ್ಮಿತ್ ಅವನಿಗೆ ಯಾವತ್ತೂ ಬುದ್ಧಿ ಹೇಳಿರಲಿಲ್ಲ. ಆದರೂ ಅವನು ನಾಚಿದ. ಆಟದ ಮೈದಾನದಲ್ಲೇ ಜನರನ್ನು ಒಳ್ಳೆಯ ದಾರಿಗೆ ತರಬಹುದು ಎಂದು ಅವತ್ತು ಅವರಿಗೆ ಹೊಳೆಯಿತು. ಧರ್ಮಬೋಧಕ ಆಗುವುದನ್ನು ಬಿಟ್ಟು 1890ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿಗೆ ಹೋದರು. ಅಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ತರಬೇತಿ ಶಾಲೆ ಇತ್ತು. ಮೊದಲು ವಿದ್ಯಾರ್ಥಿಯಾಗಿ ಸೇರಿ, ಆಮೇಲೆ ಅಲ್ಲಿಯೇ ಮೇಷ್ಟ್ರಾದರು. ಪಿ.ಟಿ. ಮೇಷ್ಟ್ರು ಅಂತ ಇಟ್ಟುಕೊಳ್ಳಿ.

ಹದಿನೆಂಟು ಜನ ತಂಟೆಕೋರರು

ಆ ಊರಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಹೊರಗೆ ಆಡಲು ಆಗುವುದಿಲ್ಲ. ನಮಗೆ ಜೂನ್ ಜುಲೈ ಮಳೆಯಲ್ಲಿ ಆಗುತ್ತದಲ್ಲ, ಹಾಗೆ. ಆಗ ದೊಡ್ಡ ಕೋಣೆಯೊಳಗೆ ಬರೀ ಕವಾಯತು, ಕಸರತ್ತು. 1891ರ ಚಳಿಗಾಲದಲ್ಲಿ ಒಂದು ತರಗತಿಯ 18 ಜನ ಇದಕ್ಕೆ ಬೇಸತ್ತು ಯಾವ ಮೇಷ್ಟ್ರ ಮಾತನ್ನೂ ಕೇಳದ ಹಾಗೆ ಆದರು. ಅವರು ಮಕ್ಕಳಲ್ಲ, ದೊಡ್ಡ ವಯಸ್ಸಿನ ಯುವಕರು. ಇಬ್ಬರು ಮೇಷ್ಟ್ರು ಸೋತು ಕೈಬಿಟ್ಟ ಮೇಲೆ ವಿಭಾಗದ ಮುಖ್ಯಸ್ಥರಾದ ಲೂಥರ್ ಗ್ಯುಲಿಕ್ ಅವರು ಆ ತರಗತಿಯನ್ನು ನೈಸ್ಮಿತ್‌ಗೆ ಒಪ್ಪಿಸಿದರು. ಕೋಣೆಯೊಳಗೆ ಆಡುವ ಒಂದು ಹೊಸ ಆಟ ಬೇಕು ಎಂದು ಹೇಳಿ, ಹದಿನಾಲ್ಕು ದಿನ ಗಡುವು ಕೊಟ್ಟರು.

ನೈಸ್ಮಿತ್ ಮೊದಲು ಹಳೇ ಆಟಗಳನ್ನೇ ಒಳಗೆ ಆಡಿಸಿ ನೋಡಿದರು. ಒಳಗೆ ರಗ್ಬಿ ತರಹದ ಆಟ ಆಡಿಸಿದರೆ ಹಲಗೆ ನೆಲದ ಮೇಲೆ ಬಿದ್ದು ಮೈಕೈ ಮುರಿಯುತ್ತದೆ. ಫುಟ್‌ಬಾಲ್ ಆಡಿಸಿದರೆ ಕಿಟಕಿ ಗಾಜಿಗೆ ಅಪಾಯ. ಕೋಲಿನಿಂದ ಆಡುವ ಲಕ್ರಾಸ್ ಆಡಿಸಿದರೆ ಏಟು ಮುಖಕ್ಕೇ ಬೀಳುತ್ತದೆ. ಹದಿನಾಲ್ಕು ದಿನ ಮುಗಿಯುತ್ತಾ ಬಂತು. ಕೈಯಲ್ಲಿ ಆಟ ಇಲ್ಲ.

ಬುಟ್ಟಿ ಮೇಲಕ್ಕೆ ಹೋದದ್ದು ಯಾಕೆ?

ನನಗೆ ಬಹಳ ಇಷ್ಟವಾದದ್ದು ಇಲ್ಲಿಂದ ಮುಂದಿನ ಭಾಗ. ಅವರು ಕೂತು ಲೆಕ್ಕದ ತರಹ ಒಂದೊಂದೇ ಹೆಜ್ಜೆ ಯೋಚಿಸಿದರು.

ರಗ್ಬಿಯಲ್ಲಿ ಒಬ್ಬನನ್ನು ಹಿಡಿದು ಕೆಡವುವುದು ಯಾಕೆ? ಅವನು ಚೆಂಡು ಹಿಡಿದು ಓಡುತ್ತಾನೆ, ನಿಲ್ಲಿಸಲು ಬೇರೆ ದಾರಿ ಇಲ್ಲ. ಹಾಗಾದರೆ ಚೆಂಡು ಹಿಡಿದವನು ಓಡಲೇಬಾರದು ಅಂತ ನಿಯಮ ಮಾಡಿದರೆ? ಆಗ ಅವನನ್ನು ಕೆಡವುವ ಅಗತ್ಯವೇ ಇಲ್ಲ! ಅವನು ನಿಂತಲ್ಲಿಂದ ಇನ್ನೊಬ್ಬನಿಗೆ ಎಸೆಯಬೇಕು, ಅಷ್ಟೇ.

ಇನ್ನು ಗೋಲು. ಗೋಲು ನೆಲದ ಮೇಲೆ ಇದ್ದರೆ ಚೆಂಡನ್ನು ಶಕ್ತಿ ಹಾಕಿ ಬೀಸಿ ಎಸೆಯುತ್ತಾರೆ, ಎದುರಿಗೆ ಇದ್ದವನಿಗೆ ಪೆಟ್ಟಾಗುತ್ತದೆ. ಗೋಲನ್ನು ತಲೆಗಿಂತ ಮೇಲೆ, ಆಕಾಶಕ್ಕೆ ಬಾಯಿ ತೆರೆದ ಹಾಗೆ ಇಟ್ಟರೆ? ಆಗ ಚೆಂಡನ್ನು ಮೆಲ್ಲಗೆ ಎತ್ತಿ ಹಾಕಲೇಬೇಕು. ಜೋರು ಹಾಕಿದರೆ ಹೊರಗೆ ಹೋಗುತ್ತದೆ. ಬಂಡೆ ಮೇಲಿನ ಕಲ್ಲಿನ ಆಟ ಅವರಿಗೆ ನೆನಪಾದದ್ದು ಈಗ. ಗೋಲಿನ ಮುಂದೆ ಹತ್ತು ಜನ ಗೋಡೆಯ ಹಾಗೆ ನಿಂತರೂ ಚೆಂಡು ಅವರ ತಲೆಯ ಮೇಲಿಂದ ಹೋಗುತ್ತದೆ.

ಅಂದರೆ ಬಡಿದಾಡಬೇಡಿ ಅಂತ ಉಪದೇಶ ಮಾಡುವ ಬದಲು, ಬಡಿದಾಡಿ ಪ್ರಯೋಜನವೇ ಇಲ್ಲದ ಹಾಗೆ ಆಟವನ್ನೇ ಕಟ್ಟಿದರು.

ಶಾಲೆಯ ಜವಾನರಾದ ಸ್ಟೆಬಿನ್ಸ್ ಎಂಬುವರ ಹತ್ತಿರ ಹದಿನೆಂಟು ಅಂಗುಲ ಅಗಲದ, ಅಂದರೆ ಒಂದು ಮೊಳದ, ಎರಡು ಪೆಟ್ಟಿಗೆ ಇದೆಯೇ ಅಂತ ಕೇಳಿದರು. ಪೆಟ್ಟಿಗೆ ಇರಲಿಲ್ಲ. ಪೀಚ್ ಹಣ್ಣು ತುಂಬುವ ಎರಡು ಬುಟ್ಟಿ ಇದ್ದುವು. ಅವನ್ನೇ ಕೋಣೆಯ ಎರಡು ಕಡೆ ಉಪ್ಪರಿಗೆಯ ಅಡ್ಡಪಟ್ಟಿಗೆ ಮೊಳೆ ಹೊಡೆದು ನಿಲ್ಲಿಸಿದರು. ನೆಲದಿಂದ ಆ ಅಡ್ಡಪಟ್ಟಿ ಇದ್ದದ್ದು 10 ಅಡಿ ಎತ್ತರದಲ್ಲಿ. ಇವತ್ತಿಗೂ ಪ್ರಪಂಚದ ಎಲ್ಲಾ ಕಡೆ ಬಾಸ್ಕೆಟ್ ಇರುವುದು ಅದೇ 10 ಅಡಿಗೆ, ಅಂದರೆ 3.05 ಮೀಟರಿಗೆ. ಪೆಟ್ಟಿಗೆ ಸಿಕ್ಕಿದ್ದರೆ ಈ ಆಟಕ್ಕೆ ಪೆಟ್ಟಿಗೆ ಚೆಂಡು ಅಂತ ಹೆಸರು ಬರುತ್ತಿತ್ತೋ ಏನೋ!

ಮೊದಲ ಆಟ

ಅವರು 13 ನಿಯಮಗಳನ್ನು ಬರೆದು, ಆಫೀಸಿನಲ್ಲಿ ಟೈಪ್ ಮಾಡಿಸಿ, ಕೋಣೆಯ ಗೋಡೆಯ ಬೋರ್ಡಿಗೆ ಹಚ್ಚಿದರು. 1891ರ ಡಿಸೆಂಬರ್ 21ರಂದು 18 ಜನ ಒಂಬತ್ತು ಒಂಬತ್ತಾಗಿ ಭಾಗವಾಗಿ ಆಡಿದರು. ಚೆಂಡು ಫುಟ್‌ಬಾಲ್ ಚೆಂಡು. ಇಡೀ ಆಟದಲ್ಲಿ ಬಿದ್ದದ್ದು ಒಂದೇ ಗೋಲು. ವಿಲಿಯಂ ಚೇಸ್ ಎಂಬುವನು ಸುಮಾರು 25 ಅಡಿ ದೂರದಿಂದ ಹಾಕಿದ. ಬುಟ್ಟಿಗೆ ತಳ ಇದ್ದುದರಿಂದ ಗೋಲು ಬಿದ್ದರೆ ಏಣಿ ಹತ್ತಿ ಚೆಂಡು ತೆಗೆಯಬೇಕಾಗಿತ್ತು. ಆ 18 ಜನರಲ್ಲಿ ಜಪಾನಿನಿಂದ ಬಂದ ಇಶಿಕಾವ ಎಂಬ ವಿದ್ಯಾರ್ಥಿಯೂ ಇದ್ದರು, ಅವರು ಆ ಆಟದ ಚಿತ್ರವನ್ನೂ ಬರೆದಿದ್ದಾರೆ.

ಆದರೆ ಎಲ್ಲವೂ ಸಲೀಸಾಗಿ ನಡೆಯಿತು ಅಂತ ತಿಳಿಯಬೇಡಿ. 1939ರ ಜನವರಿಯಲ್ಲಿ ನೈಸ್ಮಿತ್ ಅವರೇ ನ್ಯೂಯಾರ್ಕಿನ ರೇಡಿಯೊದಲ್ಲಿ ಈ ಕತೆ ಹೇಳಿದ್ದಾರೆ. ಮೊದಲ ಸಲ ಆಡಿಸಿದಾಗ ಹುಡುಗರು ಗುದ್ದಾಡಿ, ಒದ್ದಾಡಿ, ಕೆಲವರ ಕಣ್ಣು ಊದಿ, ಒಬ್ಬನ ಭುಜ ಜಾರಿ, ಇನ್ನೊಬ್ಬ ಎಚ್ಚರ ತಪ್ಪಿ ಬಿದ್ದನಂತೆ. ಒಬ್ಬರನ್ನೊಬ್ಬರು ಕೊಂದೇ ಬಿಡುತ್ತಾರೇನೋ ಎಂದು ಹೆದರಿ ಅವರು ಆಟ ನಿಲ್ಲಿಸಿದರು. ಆದರೆ ಹುಡುಗರು ಬಿಡಲಿಲ್ಲ, ಮತ್ತೆ ಆಡಿಸಿ ಅಂತ ದಿನಾ ಪೀಡಿಸಿದರು. ಆಗ ನಿಯಮಗಳನ್ನು ಬಿಗಿ ಮಾಡಿದರು. ಅದರಲ್ಲಿ ಬಹಳ ಮುಖ್ಯವಾದದ್ದು ಚೆಂಡು ಹಿಡಿದು ಓಡಬಾರದು ಎಂಬ ನಿಯಮ. ಆಮೇಲೆ ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ ಎಂದು ಅವರು ಹೇಳಿದರು.

ಫ್ರಾಂಕ್ ಮಹಾನ್ ಎಂಬ ವಿದ್ಯಾರ್ಥಿ ಈ ಆಟಕ್ಕೆ ನೈಸ್ಮಿತ್ ಬಾಲ್ ಅಂತ ಹೆಸರಿಡೋಣ ಎಂದನು. ಮೇಷ್ಟ್ರು ನಕ್ಕುಬಿಟ್ಟರು. ಅಂಥ ಹೆಸರಿಟ್ಟರೆ ಯಾವ ಆಟವೂ ಉಳಿಯುವುದಿಲ್ಲ ಎಂದರು. ಹಾಗಾದರೆ ಬುಟ್ಟಿ ಇದೆ, ಚೆಂಡು ಇದೆ, ಬಾಸ್ಕೆಟ್ ಬಾಲ್ ಅಂತಲೇ ಇರಲಿ ಎಂದು ತೀರ್ಮಾನವಾಯಿತು. 1892ರ ಜನವರಿ 15ರಂದು ಆ ಶಾಲೆಯ ಪತ್ರಿಕೆಯಲ್ಲಿ ನಿಯಮಗಳು ಅಚ್ಚಾದವು. ನೋಡಿ ಸ್ನೇಹಿತರೇ, ಇಷ್ಟು ದೊಡ್ಡ ಆಟ ಮೊದಲು ಬಂದದ್ದು ಶಾಲೆಯ ಗೋಡೆಯ ಮೇಲೆ, ಆಮೇಲೆ ಶಾಲೆಯ ಪತ್ರಿಕೆಯಲ್ಲಿ. ಆದ್ದರಿಂದ ಗೋಡೆ ಪತ್ರಿಕೆಯನ್ನು ಯಾರೂ ಹಗುರವಾಗಿ ಕಾಣಬಾರದು.

ಹದಿಮೂರು ನಿಯಮ, ಇಬ್ಬರು ತೀರ್ಪುಗಾರರು

ಹದಿಮೂರರಲ್ಲಿ ಐದನೆಯದು ಫೌಲಿನ ನಿಯಮ. ಎದುರಾಳಿಯನ್ನು ಹೆಗಲಿನಿಂದ ನೂಕಬಾರದು, ಹಿಡಿಯಬಾರದು, ತಳ್ಳಬಾರದು, ಕಾಲು ಕೊಟ್ಟು ಬೀಳಿಸಬಾರದು, ಹೊಡೆಯಬಾರದು. ಒಂದು ಸಲ ಮಾಡಿದರೆ ಫೌಲ್. ಎರಡನೇ ಸಲ ಮಾಡಿದರೆ ಮುಂದಿನ ಗೋಲು ಬೀಳುವವರೆಗೆ ಹೊರಗೆ ನಿಲ್ಲಬೇಕು. ಬೇಕು ಅಂತಲೇ ಪೆಟ್ಟು ಮಾಡಿದ್ದರೆ ಇಡೀ ಆಟಕ್ಕೆ ಹೊರಗೆ, ಅವನ ಬದಲಿಗೆ ಇನ್ನೊಬ್ಬನನ್ನು ಸೇರಿಸುವ ಹಾಗಿಲ್ಲ. ಒಂದು ತಂಡ ಸತತವಾಗಿ ಮೂರು ಫೌಲ್ ಮಾಡಿದರೆ ಎದುರು ತಂಡಕ್ಕೆ ಒಂದು ಗೋಲು ಕೊಡುತ್ತಿದ್ದರು. ಒಬ್ಬ ತಪ್ಪು ಮಾಡಿದರೆ ಅವನ ಗೆಳೆಯರೆಲ್ಲರಿಗೂ ನಷ್ಟ. ಆಗ ಗೆಳೆಯರೇ ಅವನನ್ನು ತಡೆಯುತ್ತಾರಲ್ಲವೇ?

ಇನ್ನೊಂದು ಉಪಾಯವನ್ನೂ ಮಾಡಿದ್ದರು. ತೀರ್ಪು ಕೊಡಲು ಇಬ್ಬರು. ರೆಫರಿ ಚೆಂಡನ್ನು ನೋಡಬೇಕು. ಅಂಪೈರ್ ಚೆಂಡನ್ನು ನೋಡುವ ಹಾಗಿಲ್ಲ, ಆಡುವ ಮನುಷ್ಯರನ್ನು ನೋಡಬೇಕು. ಯಾರು ತಳ್ಳಿದರು, ಯಾರು ಅಂಗಿ ಎಳೆದರು ಅಂತ ನೋಡುವುದೇ ಅವನ ಕೆಲಸ.

ಇದನ್ನು ಓದಿದಾಗ ನನಗೆ ಹೋದ ವರ್ಷದ ಕಬಡ್ಡಿ ನೆನಪಾಯಿತು. ಹೊರಗಡೆ ಒಂದು ಕ್ರೀಡಾಕೂಟಕ್ಕೆ ಹೋಗಿದ್ದೆವು. ನಮ್ಮ ಹುಡುಗ ರೈಡಿಗೆ ಹೋದಾಗ ಎದುರಿನವನೊಬ್ಬ ಮೊಣಕೈಯಲ್ಲಿ ಹೊಟ್ಟೆಗೆ ತಿವಿದ. ನಾವೆಲ್ಲ ಕಣ್ಣಾರೆ ನೋಡಿದೆವು. ಅಂಪೈರ್ ಆಗ ಬೋನಸ್ ಗೆರೆ ನೋಡುತ್ತಿದ್ದರು, ಸೀಟಿ ಊದಲಿಲ್ಲ. ನಾವು ಸೋತೆವು. ಸೋತದ್ದಕ್ಕೆ ಅಲ್ಲ, ಸೀಟಿ ಬಾರದ್ದಕ್ಕೆ ಬಸ್ಸಿನಲ್ಲಿ ಎಲ್ಲರೂ ಅತ್ತರು. ಆ ತಂಡದ ಹೆಸರು ಇಲ್ಲಿ ಬೇಡ. ಒಬ್ಬರಿಗೆ ಇರುವುದು ಎರಡೇ ಕಣ್ಣು, ಗೆರೆಯನ್ನೂ ಕೈಯನ್ನೂ ಒಟ್ಟಿಗೆ ನೋಡಲು ಆಗುವುದಿಲ್ಲ. ನೂರು ವರ್ಷಕ್ಕೂ ಹಿಂದೆ ನೈಸ್ಮಿತ್ ಮೇಷ್ಟ್ರು ಇದನ್ನು ಯೋಚಿಸಿದ್ದರು.

ಹೆಣ್ಣುಮಕ್ಕಳೂ ಆಡಿದರು

ಹತ್ತಿರದ ಶಾಲೆಯ ಕೆಲವು ಶಿಕ್ಷಕಿಯರು ಊಟದ ಹೊತ್ತಿಗೆ ಬಂದು ಈ ಆಟ ನೋಡುತ್ತಿದ್ದರು. ನಮಗೂ ಆಡಲು ಬಿಡಿ ಎಂದು ಅವರು ಕೇಳಿದರು. ನೈಸ್ಮಿತ್ ಆಗಲಿ ಎಂದರು. ಹೀಗೆ ಮೊದಲಿನಿಂದಲೇ ಹೆಂಗಸರೂ ಆಡಿದ ಆಟ ಇದು. ಹಾಗೆ ಆಡಿದವರಲ್ಲಿ ಒಬ್ಬರು ಮಾಡ್ ಶೆರ್ಮನ್. 1894ರಲ್ಲಿ ಅವರಿಗೂ ನೈಸ್ಮಿತ್‌ಗೂ ಮದುವೆಯಾಯಿತು. ಅವರಿಗೆ ಐದು ಮಕ್ಕಳಾದರು. ಸ್ಮಿತ್ ಎಂಬ ಮಹಿಳಾ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ ತಮ್ಮ ವಿದ್ಯಾರ್ಥಿನಿಯರಿಗೆ ಇದನ್ನು ಕಲಿಸಿ, ಒಬ್ಬರ ಕೈಯಿಂದ ಒಬ್ಬರು ಚೆಂಡು ಕಿತ್ತುಕೊಳ್ಳಬಾರದು ಎಂದು ಇನ್ನೂ ಬಿಗಿ ನಿಯಮ ಮಾಡಿದರು. ತಳ್ಳುವುದು ತಪ್ಪು ಅಂತ ಆದ ಮೇಲೆ ಚಿಕ್ಕವರೂ ಆಡಬಹುದು, ಹುಡುಗಿಯರೂ ಆಡಬಹುದು. ಫೌಲಿನ ನಿಯಮದಿಂದ ಆಟ ಕೆಡುತ್ತದೆ ಅನ್ನುವವರು ಇದನ್ನು ಯೋಚಿಸಲಿ.

ಕ್ಯಾನ್ಸಾಸ್‌ನಲ್ಲಿ

1895ರಲ್ಲಿ ಅವರು ಡೆನ್ವರ್ ಎಂಬ ಊರಿಗೆ ಹೋಗಿ, ಕೆಲಸ ಮಾಡುತ್ತಲೇ ವೈದ್ಯಕೀಯ ಓದಿ 1898ರಲ್ಲಿ ಡಾಕ್ಟರ್ ಆದರು. ಅದೇ ವರ್ಷ ಕ್ಯಾನ್ಸಾಸ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಬಾಸ್ಕೆಟ್ ಬಾಲ್ ತಂಡವನ್ನು 1907ರವರೆಗೆ ನೋಡಿಕೊಂಡರು. ಗೆದ್ದದ್ದು 55, ಸೋತದ್ದು 60. ಆ ವಿಶ್ವವಿದ್ಯಾಲಯದ ಕೋಚ್‌ಗಳಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವುದು ಆಟ ಕಂಡುಹಿಡಿದವರಿಗೆ ಮಾತ್ರ! ಅವರಿಗೆ ಇದರ ಚಿಂತೆ ಇರಲಿಲ್ಲ. ಅವರ ಶಿಷ್ಯ ಫಾಗ್ ಅಲೆನ್ ತಾನು ಕೋಚ್ ಆಗುತ್ತೇನೆ ಎಂದಾಗ, ಈ ಆಟವನ್ನು ಕಲಿಸುವುದೇನಿದೆ, ಸುಮ್ಮನೆ ಆಡುವುದು ತಾನೆ ಎಂದು ತಮಾಷೆ ಮಾಡಿದರಂತೆ. ಅಲೆನ್ ಮುಂದೆ ಬಹಳ ದೊಡ್ಡ ಕೋಚ್ ಆದರು.

1933ರಲ್ಲಿ ಜಾನ್ ಮೆಕ್‌ಲೆಂಡನ್ ಎಂಬ ಕಪ್ಪು ಜನಾಂಗದ ವಿದ್ಯಾರ್ಥಿ ಅಲ್ಲಿಗೆ ಬಂದ. ಆಗ ಅಲ್ಲಿ ಕಪ್ಪು ಬಣ್ಣದವರನ್ನು ವಿಶ್ವವಿದ್ಯಾಲಯದ ತಂಡಕ್ಕೆ ಸೇರಿಸುತ್ತಿರಲಿಲ್ಲ, ಈಜುಕೊಳಕ್ಕೂ ಬಿಡುತ್ತಿರಲಿಲ್ಲ. ವಯಸ್ಸಾಗಿದ್ದ ನೈಸ್ಮಿತ್ ಅವನನ್ನು ಹತ್ತಿರ ಕೂರಿಸಿಕೊಂಡು ಆಟದ ವಿಷಯ ಎಲ್ಲಾ ಹೇಳಿಕೊಟ್ಟರು, ಅವನ ಪರವಾಗಿ ನಿಂತರು. ತಂಡದಲ್ಲಿ ಒಂದು ದಿನವೂ ಆಡಲು ಬಿಡದ ಆ ಹುಡುಗ ಮುಂದೆ ಪ್ರಸಿದ್ಧ ಕೋಚ್ ಆಗಿ, 1957ರಿಂದ 1959ರವರೆಗೆ ಸತತ ಮೂರು ವರ್ಷ ತನ್ನ ಕಾಲೇಜು ತಂಡವನ್ನು ರಾಷ್ಟ್ರಮಟ್ಟದ ಪಂದ್ಯಾವಳಿಯಲ್ಲಿ ಗೆಲ್ಲಿಸಿದರು. ಆಟದಲ್ಲಿ ಒಬ್ಬನನ್ನು ತಳ್ಳಿದರೆ ಫೌಲ್. ಹಾಗಾದರೆ ಆಟಕ್ಕೇ ಸೇರಿಸದೆ ಹೊರಗೆ ನಿಲ್ಲಿಸಿದರೆ ಅದೇನು? ಅದು ಎಲ್ಲಕ್ಕಿಂತ ದೊಡ್ಡ ಫೌಲ್ ಅಂತ ನನಗೆ ಅನಿಸುತ್ತದೆ.

ಮಳೆಯಲ್ಲಿ ಫೈನಲ್

1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಬಾಸ್ಕೆಟ್ ಬಾಲ್ ಸೇರಿತು. ನೈಸ್ಮಿತ್ ಹತ್ತಿರ ಅಲ್ಲಿಗೆ ಹೋಗಲು ದುಡ್ಡು ಇರಲಿಲ್ಲ. ಆಟದಿಂದ ಅವರು ಹಣ ಮಾಡಿಕೊಂಡವರಲ್ಲ. ಅಮೆರಿಕದ ಊರೂರುಗಳಲ್ಲಿ ಪಂದ್ಯ ನೋಡಲು ಬಂದವರಿಂದ ಚಿಲ್ಲರೆ ಕಾಸು ಕೂಡಿಸಿ ಅವರನ್ನು ಕಳುಹಿಸಿದರು. ಅಲ್ಲಿ ಮೊದಲ ಪಂದ್ಯಕ್ಕೆ ಚೆಂಡು ಹಾರಿಸಿದವರು ಅವರೇ. ಆಗ ಅವರಿಗೆ 74 ವರ್ಷ.

ಫೈನಲ್ ನಡೆದದ್ದು ಆಗಸ್ಟ್ 14ರಂದು, ಬಯಲಿನ ಮಣ್ಣಿನ ಅಂಕಣದಲ್ಲಿ, ಜಡಿಮಳೆಯಲ್ಲಿ! ಒಳಗೆ ಆಡಲು ಅಂತ ಹುಟ್ಟಿಸಿದ ಆಟ ಕೆಸರು ಗದ್ದೆಯಲ್ಲಿ ನಡೆಯಿತು. ಚೆಂಡು ಪುಟಿಯುತ್ತಲೇ ಇರಲಿಲ್ಲ. ಅಮೆರಿಕ 19, ಕೆನಡಾ 8. ಒಂದು ಅವರು ಹುಟ್ಟಿದ ದೇಶ, ಇನ್ನೊಂದು ಅವರು ಬದುಕಿದ ದೇಶ. ಎರಡೂ ತಂಡಗಳಿಗೆ ಪದಕ ಕೊಡಲು ಅವರು ಅಲ್ಲಿ ನಿಂತಿದ್ದರು. 1939ರ ನವೆಂಬರ್ 28ರಂದು ಕ್ಯಾನ್ಸಾಸ್‌ನ ಲಾರೆನ್ಸ್ ಊರಿನಲ್ಲಿ ಡಾ. ಜೇಮ್ಸ್ ನೈಸ್ಮಿತ್ ತೀರಿಕೊಂಡರು. ಅವರು ಬರೆದ ಬಾಸ್ಕೆಟ್ ಬಾಲ್ ಚರಿತ್ರೆಯ ಪುಸ್ತಕ 1941ರಲ್ಲಿ ಹೊರಬಂತು.

ಅವರು ಹೋದ ಮೇಲೆ ಆಟ ಏನಾಯಿತು?

ಚೆಂಡು ಹಿಡಿದು ಓಡಬಾರದು, ಬುಟ್ಟಿ ಮೇಲಿರಬೇಕು, ಇಷ್ಟರಿಂದ ತಳ್ಳಾಟ ನಿಂತಿತೇ? ಪೂರ್ತಿ ನಿಲ್ಲಲಿಲ್ಲ. ಆಳೆತ್ತರದ ಆಟಗಾರರು ಬುಟ್ಟಿಯ ಹತ್ತಿರವೇ ಹೋಗಿ, ಬುಟ್ಟಿಗೆ ಬೆನ್ನು ಹಾಕಿ ನಿಲ್ಲಲು ಶುರುಮಾಡಿದರು. ಇದಕ್ಕೆ ಪೋಸ್ಟ್ ಆಟ ಅನ್ನುತ್ತಾರೆ. ಪೋಸ್ಟ್ ಅಂದರೆ ಕಂಬ. ಕಂಬದ ಹಾಗೆ ನಿಂತವನಿಗೆ ಗೆಳೆಯರು ಚೆಂಡು ಕೊಡುತ್ತಾರೆ, ಅವನು ತಿರುಗಿ ಬುಟ್ಟಿಗೆ ಹಾಕುತ್ತಾನೆ. ತಡೆಯುವವನು ಅವನ ಬೆನ್ನ ಹಿಂದೆ. ಇವನು ಹಿಂದಕ್ಕೆ ಒತ್ತುತ್ತಾನೆ, ಅವನು ಮುಂದಕ್ಕೆ ಒತ್ತುತ್ತಾನೆ. ಎರಡು ಕೋಣ ಹೆಗಲು ಕೊಟ್ಟು ನಿಂತ ಹಾಗೆ. ಇಲ್ಲಿ ಫೌಲ್ ಯಾರದ್ದು?

ಇದಕ್ಕೆ ನಿಯಮ ಮಾಡುವವರು ನೈಸ್ಮಿತ್ ದಾರಿಯನ್ನೇ ಹಿಡಿದರು. ಬೈಯುವ ಬದಲು ಅಂಕಣವನ್ನೇ ಬದಲಾಯಿಸಿದರು. ಬುಟ್ಟಿಯ ಮುಂದೆ ನೆಲದ ಮೇಲೆ ಒಂದು ಪಟ್ಟಿ ಬರೆದಿರುತ್ತಾರೆ. ಚೆಂಡು ತನ್ನ ತಂಡದ ಬಳಿ ಇರುವಾಗ ಅದರೊಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು ಎಂದು ನೈಸ್ಮಿತ್ ಬದುಕಿದ್ದಾಗಲೇ, 1936ರ ಸುಮಾರಿಗೆ ನಿಯಮ ಬಂತು. ಪಟ್ಟಿಯ ಅಗಲ ಮೊದಲು 6 ಅಡಿ. ಜಾರ್ಜ್ ಮೈಕನ್ ಎಂಬ 6 ಅಡಿ 10 ಅಂಗುಲದ ಆಟಗಾರನನ್ನು ತಡೆಯಲು ಯಾರಿಂದಲೂ ಆಗದಿದ್ದಾಗ, 1951ರಲ್ಲಿ ಅಮೆರಿಕದ ಎನ್.ಬಿ.ಎ. ಪಂದ್ಯಗಳಲ್ಲಿ ಅದನ್ನು 12 ಅಡಿ ಮಾಡಿದರು. ಆಮೇಲೆ 7 ಅಡಿ 1 ಅಂಗುಲದ ವಿಲ್ಟ್ ಚೇಂಬರ್ಲೇನ್ ಬಂದರು. 1964ರಲ್ಲಿ ಅದು 16 ಅಡಿ ಆಯಿತು. ಕಂಬಗಳು ಬುಟ್ಟಿಯಿಂದ ದೂರ ದೂರ ಹೋಗಬೇಕಾಯಿತು.

ಈ ಚೇಂಬರ್ಲೇನ್ ಓದಿದ್ದು ನೈಸ್ಮಿತ್ ಪಾಠ ಮಾಡಿದ ಕ್ಯಾನ್ಸಾಸ್ ವಿಶ್ವವಿದ್ಯಾಲಯದಲ್ಲೇ. 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದರು. ನನಗೆ ಅದಕ್ಕಿಂತ ಆಶ್ಚರ್ಯ ಆದದ್ದು ಬೇರೆ. ಎನ್.ಬಿ.ಎ.ಯಲ್ಲಿ ಆರು ಫೌಲ್ ಮಾಡಿದರೆ ಹೊರಗೆ. ಅವರು 14 ವರ್ಷಗಳಲ್ಲಿ 1,045 ಪಂದ್ಯ ಆಡಿದರೂ ಒಂದು ಸಲವೂ ಹಾಗೆ ಹೊರಗೆ ಹೋಗಲಿಲ್ಲ. ಎಲ್ಲರಿಗಿಂತ ಶಕ್ತಿವಂತ, ಆದರೆ ಶಕ್ತಿಯನ್ನು ಎಲ್ಲಿ ನಿಲ್ಲಿಸಬೇಕು ಅಂತ ಅವರಿಗೆ ಗೊತ್ತಿತ್ತು.

ನಮ್ಮ ಪಿ.ಟಿ. ಮೇಷ್ಟ್ರು ಈಗಿನ ಅಂತರರಾಷ್ಟ್ರೀಯ ನಿಯಮವನ್ನು ಹೀಗೆ ತಿಳಿಸಿಕೊಟ್ಟರು. ಪ್ರತಿ ಆಟಗಾರನ ಸುತ್ತ ಕಣ್ಣಿಗೆ ಕಾಣದ ಒಂದು ಡ್ರಮ್ ಇದೆ ಅಂತ ತಿಳಿಯಬೇಕು. ಅವನು ನಿಂತ ಜಾಗವೂ ಅದರ ನೇರ ಮೇಲಿನ ಜಾಗವೂ ಅವನದು. ಕೈ ನೇರ ಮೇಲೆತ್ತಿ ನಿಂತವನ ಮೇಲೆ ಇನ್ನೊಬ್ಬ ಬಂದು ಬಿದ್ದರೆ ತಪ್ಪು ಬಂದು ಬಿದ್ದವನದು. ಪೋಸ್ಟ್ ಆಟದಲ್ಲಿ ಇಬ್ಬರಿಗೂ ಒಂದೊಂದು ಡ್ರಮ್. ಸೊಂಟದಿಂದಲೋ ಹೆಗಲಿನಿಂದಲೋ ಎದುರಿನವನನ್ನು ಅವನ ಜಾಗದಿಂದ ನೂಕಿದರೆ, ನೂಕಿದವನು ಯಾವ ತಂಡದವನೇ ಆಗಲಿ, ಫೌಲ್. ಆದರೆ ಕೈ ತಾಗಿದ ಮಾತ್ರಕ್ಕೆ ಫೌಲ್ ಅಲ್ಲ. ತಾಗಿದ್ದರಿಂದ ಒಬ್ಬನಿಗೆ ಅನ್ಯಾಯದ ಲಾಭ ಆಯಿತೇ ಎಂದು ರೆಫರಿ ಆ ಕ್ಷಣದಲ್ಲೇ ತೀರ್ಮಾನ ಮಾಡಬೇಕು. ಐದು ಫೌಲ್ ಆದರೆ ಆಟಗಾರ ಹೊರಗೆ. ನೋಡಿ, ಸೀಟಿ ಊದುವುದು ಎಷ್ಟು ಕಷ್ಟದ ಕೆಲಸ!

ನಮ್ಮ ದೇಶಕ್ಕೆ ಬಂದದ್ದು

ನೈಸ್ಮಿತ್ ನಮ್ಮ ದೇಶಕ್ಕೆ ಈ ಆಟ ಕಲಿಸಲು ಬಂದವರಲ್ಲ, ಆದರೆ ಅವರ ಶಾಲೆ ಬಂತು ಅನ್ನಬಹುದು. ಸ್ಪ್ರಿಂಗ್‌ಫೀಲ್ಡಿನಲ್ಲೇ ಓದಿದ ಹ್ಯಾರಿ ಕ್ರೋ ಬಕ್ ಎಂಬುವರು 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು. ಅಲ್ಲಿ ತರಬೇತಾದ ಮೇಷ್ಟ್ರುಗಳು ದಕ್ಷಿಣ ಭಾರತದ ಶಾಲೆಗಳಿಗೆಲ್ಲ ಹೋದರು. 1934ರಲ್ಲಿ ದೆಹಲಿಯಲ್ಲಿ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆಯಿತು. 1980ರಲ್ಲಿ ನಮ್ಮ ದೇಶದ ತಂಡ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಆಡಿತು. 2017ರಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆದಾಗ ನಮ್ಮ ದೇಶದ ಅಕ್ಕಂದಿರು ಬಿ ವಿಭಾಗದಲ್ಲಿ ಮೊದಲ ಸ್ಥಾನ ಗೆದ್ದರು. ಊಟದ ಹೊತ್ತಿಗೆ ಬಂದು ನಮಗೂ ಆಡಲು ಬಿಡಿ ಎಂದು ಕೇಳಿದ ಆ ಶಿಕ್ಷಕಿಯರು ನೋಡಿದ್ದರೆ ಸಂತೋಷ ಪಡುತ್ತಿದ್ದರು.

ನಾವು ಕಲಿಯಬೇಕಾದದ್ದು

ನೈಸ್ಮಿತ್ ಟೈಪ್ ಮಾಡಿಸಿದ ಆ ಎರಡು ಹಾಳೆ ನಿಯಮಗಳು 2010ರಲ್ಲಿ ಹರಾಜಾದವು. ಬೆಲೆ ಸುಮಾರು 43 ಲಕ್ಷ ಡಾಲರ್! ಈಗ ಅವು ಕ್ಯಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಇವೆ. ಆದರೆ ಅದರ ನಿಜವಾದ ಬೆಲೆ ದುಡ್ಡಲ್ಲ. ಬಲ ಇದ್ದವನು ಬಲ ಇಲ್ಲದವನನ್ನು ತಳ್ಳಬಾರದು, ತಳ್ಳಿದರೆ ನೋಡಲು ಒಬ್ಬರು ಇರಬೇಕು, ನೋಡಿದವರು ಸೀಟಿ ಊದಬೇಕು. ಇದು ಆಟಕ್ಕೆ ಮಾತ್ರ ಅಲ್ಲ, ನೀರಿನ ನಲ್ಲಿಯ ಹತ್ತಿರ, ಬಿಸಿಯೂಟದ ಸಾಲಿನಲ್ಲಿ, ಬಸ್ಸು ಹತ್ತುವಾಗ ಎಲ್ಲಾ ಕಡೆಗೂ ಸಲ್ಲುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ನಮ್ಮ ಶಾಲೆಯಲ್ಲಿ ಬಾಸ್ಕೆಟ್ ಬಾಲ್ ಕಂಬ ಇಲ್ಲ. ಅದಕ್ಕೆ ತುಂಬಾ ಖರ್ಚು. ಆದರೆ ನೈಸ್ಮಿತ್ ಮೇಷ್ಟ್ರಿಗೂ ಕಂಬ ಇರಲಿಲ್ಲ, ಹಣ್ಣಿನ ಬುಟ್ಟಿ ಇತ್ತು. ನಮ್ಮ ಮನೆಗಳಲ್ಲಿ ಸೊಪ್ಪು ಹೊರುವ ಹಳೇ ಹೆಡಿಗೆ ಬೇಕಾದಷ್ಟು ಇವೆ. ಎರಡು ಹೆಡಿಗೆಯ ತಳ ತೆಗೆದು, ಮೈದಾನದ ಆಚೆ ಈಚೆ ಇರುವ ಮರಗಳಿಗೆ 10 ಅಡಿ ಎತ್ತರದಲ್ಲಿ ಕಟ್ಟಬಹುದು. ಚೆಂಡು ವಾಲಿಬಾಲ್ ಆದರೂ ನಡೆಯುತ್ತದೆ. ಒಬ್ಬರು ಚೆಂಡು ನೋಡಲು, ಒಬ್ಬರು ಮನುಷ್ಯರನ್ನು ನೋಡಲು. ಒಂದನೇ ತರಗತಿಯ ಪುಟ್ಟ ಮಕ್ಕಳಿಗೆ ಕೆಳಗೆ ಇನ್ನೊಂದು ಹೆಡಿಗೆ ಕಟ್ಟೋಣ. ಮುಖ್ಯೋಪಾಧ್ಯಾಯರೂ ಪಿ.ಟಿ. ಮೇಷ್ಟ್ರೂ ದಯವಿಟ್ಟು ಒಪ್ಪಿಗೆ ಕೊಡಬೇಕು. ಐದನೇ ನಿಯಮವನ್ನು ದಪ್ಪ ಅಕ್ಷರದಲ್ಲಿ ಬರೆದು ಈ ಗೋಡೆ ಪತ್ರಿಕೆಯ ಪಕ್ಕದಲ್ಲೇ ಅಂಟಿಸುವ ಕೆಲಸ ನನ್ನದು.



ಏಳನೇ ತರಗತಿ, ಹೊನ್ನೆಮರಡು